ಎರಡನೇ ತಿರುವಿನಲ್ಲಿ ಏನಿತ್ತು

ಐವತ್ತು ಸುತ್ತಿನ ಕಾರ್ ರೇಸಿನಲ್ಲಿ ನಲವತ್ತೊಂದನೇ ಸುತ್ತು ಮುಗಿಯುವ ಹೊತ್ತಿಗೆ ಜನ ಎದ್ದು ಹೊರಡತೊಡಗಿದ್ದರು. ಬಾವುಟದ ಅಟ್ಟಣೆಯ ಮೇಲೆ ನಿಂತಿದ್ದ ಡೆಲ್ಮರ್ ಸ್ಟಿಲ್ಟ್‌ನರ್ ಅದನ್ನು ಓರೆಗಣ್ಣಿನಲ್ಲಿ ನೋಡಿದ. ನೋಡಬಾರದಿತ್ತು. ಬಾವುಟ ಹಿಡಿದವನ ಕಣ್ಣು ಟ್ರ್ಯಾಕ್ ಬಿಟ್ಟು ಕದಲಬಾರದು ಅಂತ ಊರಿಗೆಲ್ಲ ಹೇಳಿಕೊಂಡು ತಿರುಗುತ್ತಿದ್ದವನೇ ಅವನು. ಆದರೆ ಕೆಳಗೆ ಐಸ್ ಪೆಟ್ಟಿಗೆ ಎತ್ತಿಕೊಂಡು, ಮಡಚುವ ಕುರ್ಚಿ ಬಗಲಿಗೆ ಸಿಕ್ಕಿಸಿಕೊಂಡು ಗೇಟಿನ ಕಡೆ ಹೊರಟವರಲ್ಲಿ ಅರ್ಧ ಮಂದಿ ಬೆಳಿಗ್ಗೆ ತಾನೇ ಅವನ ಜೊತೆ ಚರ್ಚಿನಲ್ಲಿ ಕೂತಿದ್ದವರು. ಎಲ್ಲಿಗೆ ಅಂತ ಕೇಳಬೇಕಾಗಿರಲಿಲ್ಲ. ಮೂರು ಗಂಟೆಗೆ ಟಿವಿಯಲ್ಲಿ ಇಡೀ ದೇಶ ನೋಡುವ ದೊಡ್ಡ ರೇಸು.

ಅವರ ಊರು ಬಕ್‌ಹಾರ್ನ್ ಗ್ಯಾಪ್‌ನಲ್ಲಿ ರೇಸು ಅಂದರೆ ಶನಿವಾರ ಸಂಜೆ. ಎರಡು ವಾರದ ಹಿಂದೆ ಸಿಡಿಲು ಬಡಿದು ದೀಪದ ಕಂಬಗಳೆಲ್ಲ ಕೆಟ್ಟು ಕೂತಿದ್ದರಿಂದ ಟ್ರ್ಯಾಕಿನ ಯಜಮಾನ ಹಾರ್ಲನ್ ಪಕೆಟ್ ಭಾನುವಾರ ಮಧ್ಯಾಹ್ನಕ್ಕೆ ಹಾಕಿಕೊಂಡಿದ್ದ. ಬೇರೆ ದಾರಿಯಿರಲಿಲ್ಲ. ದೊಡ್ಡವರ ಎದುರಿಗೆ ಅಂಗಡಿ ತೆರೆದ ಹಾಗೆ ಆಗಿತ್ತು, ಅಷ್ಟೇ.

ದೊಡ್ಡ ರೇಸು ಅಂದರೆ ಡೆಲ್ಮರನಿಗೆ ಮೈಯೆಲ್ಲ ಉರಿ. ಇಪ್ಪತ್ತಾರು ವರ್ಷ, ವರ್ಷಕ್ಕೆರಡು ಸಲ, ಮೂರು ಗಂಟೆ ಗಾಡಿ ಓಡಿಸಿಕೊಂಡು ಹೋಗಿ ಅದೇ ಸಾಲಿನ ಅದೇ ಸೀಟಿನಲ್ಲಿ ಕೂತು ನೋಡಿದವನು. ಒಂದು ಸಲ, ಮುಂದಿದ್ದವನು ಎಲ್ಲರನ್ನೂ ಮೈಲಿಗಟ್ಟಲೆ ಹಿಂದೆ ಹಾಕಿ ಹೋಗುತ್ತಿದ್ದಾಗ ಇದ್ದಕ್ಕಿದ್ದಂತೆ ಹಳದಿ ಬಾವುಟ ಬಿತ್ತು. ಟ್ರ್ಯಾಕಿನ ಮೇಲೆ ಏನೋ ಬಿದ್ದಿದೆಯಂತೆ. ಹಳದಿ ಬಿತ್ತೆಂದರೆ ಎಲ್ಲರೂ ನಿಧಾನ ಮಾಡಿ ಒಬ್ಬರ ಹಿಂದೆ ಒಬ್ಬರು ಅಂಟಿಕೊಳ್ಳಬೇಕು. ಬೆವರು ಸುರಿಸಿ ಗಳಿಸಿದ ಅಂತರವೆಲ್ಲ ನೀರುಪಾಲು. ಡೆಲ್ಮರ್ ದುರ್ಬೀನು ಹಾಕಿ ಇಡೀ ಟ್ರ್ಯಾಕನ್ನು ಹುಡುಕಿದ. ಒಂದು ಕಾಗದದ ಚೂರೂ ಇರಲಿಲ್ಲ. ಆವತ್ತೇ ಎದ್ದು ಬಂದವನು ಮತ್ತೆ ಆ ಕಡೆ ತಲೆ ಹಾಕಲಿಲ್ಲ.

"ಅದು ರೇಸಲ್ಲ, ನಾಟಕ" ಅನ್ನುವುದು ಅವನ ಮಾಮೂಲು ಭಾಷಣ. "ಕಾರುಗಳೆಲ್ಲ ಒಂದೇ ಅಚ್ಚಿನ ಬಿಸ್ಕತ್ತು. ಯಾರು ಚಾಂಪಿಯನ್ ಅಂತ ತಿಳ್ಕೊಳ್ಳೋಕೆ ಒಬ್ಬ ವಕೀಲನ್ನ ಇಟ್ಕೋಬೇಕು. ವರ್ಷವೆಲ್ಲ ಗೆದ್ದೋನು ಕೊನೇ ವಾರ ಎಡವಿದ್ರೆ ಮುಗೀತು, ಅವನು ಲೆಕ್ಕಕ್ಕೇ ಇಲ್ಲ."

"ಅವ್ರು ಟಿವಿ ಒಳಗಿದಾರೆ, ನಾನು ಇಲ್ಲಿದೀನಿ. ಬೈಸ್ಕೊಳ್ಳೋಳು ಮಾತ್ರ ನಾನು" ಅನ್ನುತ್ತಿದ್ದಳು ಅವನ ಹೆಂಡತಿ ಓಪಲ್.

ಅವನ ಈ ಕೂಗಾಟ ಕೇಳಿಯೇ ಹಾರ್ಲನ್ ಎಂಟು ವರ್ಷದ ಹಿಂದೆ ಬಾವುಟಗಳನ್ನು ಅವನ ಕೈಗೆ ಕೊಟ್ಟಿದ್ದು. "ಅಷ್ಟು ನೆಟ್ಟಗಿರೋನು ನೀನಾದ್ರೆ ಹತ್ತು ಮೇಲೆ" ಅಂದಿದ್ದ. ಡೆಲ್ಮರ್ ಹತ್ತಿದ್ದ. ಅವನು ಎತ್ತಿದ ಬಾವುಟದ ಬಗ್ಗೆ ಈವರೆಗೆ ಯಾರೂ ತಕರಾರು ಮಾಡಿರಲಿಲ್ಲ.

ಈಗ ಕೆಳಗೆ ಹಸಿರು ಬಣ್ಣದ ಹದಿನೇಳನೇ ನಂಬರ್ ಕಾರು ಅವನ ಕಾಲಡಿಯಲ್ಲೇ ಗುಡುಗಿಕೊಂಡು ಹೋಯಿತು. ವರ್ನಾ ಹಾರ್ಟ್‌ಸಾಕ್. ವಾರದ ಐದು ದಿನ ಸ್ಕೂಲ್ ಬಸ್ ಓಡಿಸುವ ಹೆಂಗಸು. ಹತ್ತೊಂಬತ್ತು ವರ್ಷದಿಂದ ಇಲ್ಲಿ ಓಡಿಸುತ್ತಿದ್ದಾಳೆ, ಹನ್ನೊಂದು ಸಲ ಎರಡನೆಯವಳಾಗಿದ್ದಾಳೆ, ಒಂದು ಸಲವೂ ಗೆದ್ದಿಲ್ಲ. ಇವತ್ತು ಅರ್ಧ ಸುತ್ತು ಮುಂದಿದ್ದಳು. ಯಾರೂ ಹಿಡಿಯುವ ಹಾಗಿರಲಿಲ್ಲ. ಅಂಥ ರೇಸು ನೋಡುವವರಿಗೆ ಸಪ್ಪೆಯೇ ಅನ್ನಿ.

ಕಿವಿಯಲ್ಲಿ ರೇಡಿಯೋ ಗೊರಗುಟ್ಟಿತು. ಹಾರ್ಲನ್.

"ಡೆಲ್ಮರ್, ಜನ ಹೋಗ್ತಿದಾರೆ ಕಣೋ."

"ಕಾಣಿಸ್ತಿದೆ."

"ಮುಂದಿನ ವಾರ ಇಷ್ಟು ಜನಾನೂ ಬರಲ್ಲ. ಹೀಗೇ ಆದ್ರೆ ಗೇಟಿಗೆ ಬೀಗ ಹಾಕ್ಬೇಕಾಗತ್ತೆ."

"ನಾನೇನ್ ಮಾಡ್ಲಿ ಅದಕ್ಕೆ?"

ಹಾರ್ಲನ್ ಬೇರೆಯೇ ದನಿಯಲ್ಲಿ ಅಂದ: "ಎರಡನೇ ತಿರುವಲ್ಲಿ ಏನೋ ಬಿದ್ದಿರೋ ಹಾಗಿದೆ."

ಡೆಲ್ಮರ್ ನೋಡಿದ. ಬೂದು ಡಾಂಬರು, ಅದರ ಮೇಲೆ ಟೈರುಗಳು ಉಜ್ಜಿದ ಕಪ್ಪು ಪಟ್ಟೆ. ಮತ್ತೇನಿಲ್ಲ.

"ನಂಗೇನೂ ಕಾಣ್ತಿಲ್ಲ."

"ಸರಿಯಾಗಿ ನೋಡು."

"ಬೇಡ ಹಾರ್ಲನ್."

"ನಾನೇನಂದೆ ಈಗ? ಏನೋ ಇದ್ದ ಹಾಗಿದೆ ಅಂದೆ. ಬಾವುಟ ನಿನ್ ಕೈಲಿದೆಯಪ್ಪ."

ಡೆಲ್ಮರ್ ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಿಸಿದ. ಮತ್ತೆ ಬದಲಿಸಿದ. ನಲವತ್ತೆರಡು. ನಲವತ್ತಮೂರು. ಗೇಟಿನ ಹತ್ತಿರ ಚರ್ಚಿನ ಕೆಲಸ ನೋಡಿಕೊಳ್ಳುವ ಡೀಕನ್ನನ ಸಂಸಾರ ನಿಂತಿತ್ತು, ಗಂಡ ಹೆಂಡತಿ ಮೂರು ಮಕ್ಕಳು. ಐವರ ತಲೆಯ ಮೇಲೂ ದೊಡ್ಡ ರೇಸಿನವರ ಟೋಪಿ. ಡೀಕನ್ ಗಡಿಯಾರ ನೋಡಿಕೊಂಡು ಹೆಂಡತಿಯನ್ನು ಅವಸರಪಡಿಸುತ್ತಿದ್ದ. ಇಲ್ಲಿ ಒಬ್ಬಳು ಹತ್ತೊಂಬತ್ತು ವರ್ಷ ಕಾದು ಗೆಲ್ಲುತ್ತಿದ್ದಾಳೆ, ಆ ಮನುಷ್ಯನಿಗೆ ಆ ನಾಟಕದ ಮೊದಲ ಅಂಕ ತಪ್ಪಿಹೋಗುತ್ತದೆ ಅಂತ ಚಿಂತೆ. ಡೆಲ್ಮರನ ನೆತ್ತಿಗೆ ರಕ್ತ ಏರಿತು. ಹೋಗಬಾರದು ಇವರು. ಅಲ್ಲಿಗೆ ಹೋಗಲೇಬಾರದು. ಅಷ್ಟೇ ಅವನ ತಲೆಯಲ್ಲಿದ್ದದ್ದು. ಆ ಗಳಿಗೆಯಲ್ಲಿ ವರ್ನಾಳ ನೆನಪೂ ಇರಲಿಲ್ಲ.

ಹಳದಿ ಬಾವುಟ ಗಾಳಿಯಲ್ಲಿತ್ತು. ಎತ್ತಿದ್ದು ಅವನ ಕೈಯೇ.

ಕಾರುಗಳ ಗರ್ಜನೆ ಇಳಿಯಿತು. ಗೇಟಿನ ಹತ್ತಿರ ಜನ ತಿರುಗಿ ನೋಡಿದರು, ತಡೆದರು, ಬಂದು ಕೂತರು. ಡೀಕನ್ನನ ಮಕ್ಕಳು ಓಡಿ ಬಂದು ಬೇಲಿ ಹಿಡಿದು ನಿಂತವು. ಎರಡನೇ ತಿರುವಿಗೆ ಹೋದ ಟ್ರ್ಯಾಕ್ ಗುಡಿಸುವ ಟ್ರಕ್ಕಿನಿಂದ ಒಬ್ಬ ಇಳಿದು ಅತ್ತಿತ್ತ ನೋಡಿದ, ಏನೂ ಇಲ್ಲ ಅನ್ನುವ ಹಾಗೆ ಎರಡೂ ಕೈ ಮೇಲೆತ್ತಿದ, ಆಮೇಲೆ ಬಂದಿದ್ದಕ್ಕೆ ಇರಲಿ ಅಂತ ಎರಡು ಸಲ ಪೊರಕೆಯಾಡಿಸಿ ಹತ್ತಿಕೊಂಡ.

ಮತ್ತೆ ಓಡಿಸಿ ಅಂತ ಹಸಿರು ಬಾವುಟ ಬಿದ್ದಾಗ ಆರು ಸುತ್ತು ಉಳಿದಿತ್ತು. ವರ್ನಾಳ ಹಿಂದೆ ಅಂಟಿಕೊಂಡಿದ್ದವನು ಬ್ರಾಕ್ ಅನ್ನುವ ಹುಡುಗ, ಹೊಸ ಕಾರು, ಹೊಸ ಟೈರು. ಎರಡು ಸುತ್ತು ತಡೆದಳು. ಮೂರನೆಯದರಲ್ಲಿ ಅವಳ ಸವೆದ ಟೈರು ಜಾರಿ ಕಾರು ಒಂದಡಿ ಹೊರಗಿನ ಗೋಡೆಯ ಕಡೆ ಸರಿಯಿತು. ಒಂದೇ ಅಡಿ. ಆ ಸಂದಿಯಲ್ಲಿ ಹುಡುಗ ನುಗ್ಗಿ ಹೋದ. ಜನ ಎದ್ದು ನಿಂತು ಕೂಗಿದರು. ಈ ವರ್ಷದಲ್ಲೇ ಇಂಥ ರೇಸು ಆಗಿರಲಿಲ್ಲ ಅಂತ ಆಮೇಲೆ ಎಲ್ಲರೂ ಹೇಳಿದರು.

ಡೆಲ್ಮರ್ ಕೆಳಗಿಳಿದಾಗ ಓಪಲ್ ಟ್ರ್ಯಾಕಿನ ಪಕ್ಕದ ತನ್ನ ತಿಂಡಿ ಅಂಗಡಿಯಲ್ಲಿ ಬಲೋನಿ ಮಾಂಸದ ಬಿಲ್ಲೆ ಹುರಿಯುವ ಬಾಣಲೆ ಉಜ್ಜುತ್ತಿದ್ದಳು.

"ಏನ್ ಬಿದ್ದಿತ್ತು?" ಅಂದಳು.

"ಏನೋ ಹೊಳೀತು."

"ಏನೋ ಅಂದ್ರೆ?"

"ಹೊಳೀತು ಅಂದ್ನಲ್ಲ."

ಅವಳು ಬಾಣಲೆ ಬಿಟ್ಟು ಅವನ ಮುಖ ನೋಡಿದಳು. ಅವನು ಅಲ್ಲಿ ನಿಲ್ಲದೆ ಕಾರುಗಳು ನಿಲ್ಲುವ ಕಡೆ ನಡೆದ. ಅಲ್ಲಿಂದ ಟಿಕೆಟ್ ಗೂಡಿಗೆ, ಟಿಕೆಟ್ ಗೂಡಿನಿಂದ ಮತ್ತೆ ವಾಪಸ್ಸು. ಕೂರಲಿಕ್ಕಾಗಲಿಲ್ಲ. ಹಾರ್ಲನ್ ದೂರದಿಂದ ಕೈ ಬೀಸಿದ. ಡೆಲ್ಮರ್ ಕಾಣದವನ ಹಾಗೆ ತಿರುಗಿ ಕಾರು ಸಾಗಿಸುವ ಒಂದು ಟ್ರೇಲರ್ ಹಿಂದೆ ಸರಿದುಕೊಂಡ. ಅದು ವರ್ನಾಳದ್ದೇ ಆಗಿತ್ತು.

"ಹೋಗಿ ಕೇಳು ಅವನನ್ನ" ಅನ್ನುತ್ತಿದ್ದ ಅವಳ ತಮ್ಮ. "ಏನಿತ್ತು ಅಲ್ಲಿ? ಟ್ರಕ್ಕಿನೋನಿಗೆ ಏನೂ ಸಿಗ್ಲಿಲ್ಲ."

"ಬೇರೆ ಯಾರಾದ್ರೂ ಎತ್ತಿದ್ರೆ ಇಷ್ಟೊತ್ತಿಗೆ ಕಾಲರ್ ಹಿಡಿದಿರ್ತಿದ್ದೆ" ಅಂದಳು ವರ್ನಾ. ದನಿಯಲ್ಲಿ ಅತ್ತ ಗುರುತಿತ್ತು. "ಡೆಲ್ಮರ್ ಎತ್ತಿದಾರೆ. ಏನೋ ಇದ್ದೇ ಇರತ್ತೆ. ಬಿಡು, ಚಕ್ರ ಬಿಚ್ಚು."

ಅವಳು ಬೈದಿದ್ದರೆ ಡೆಲ್ಮರ್ ತಡೆದುಕೊಳ್ಳುತ್ತಿದ್ದ.

ಅವನು ನೇರ ಎರಡನೇ ತಿರುವಿಗೆ ಹೋದ. ಏನಾದರೂ ಸಿಕ್ಕಿದರೆ ಸಾಕಿತ್ತು: ಒಂದು ನಟ್ಟು, ಒಂದು ತಗಡಿನ ಚೂರು, ಏನಾದರೂ. ಬಿಸಿಲಿಗೆ ಕಾದ ಡಾಂಬರಿನ ಮೇಲೆ ಬಗ್ಗಿಕೊಂಡು ಒಳಗಿನ ಅಂಚಿನಿಂದ ಹೊರಗಿನ ಗೋಡೆಯವರೆಗೆ ಹೋದ, ಬಂದ, ಮತ್ತೆ ಹೋದ. ಒಂದಷ್ಟು ಟೈರಿನ ಪುಡಿ ಬಿಟ್ಟರೆ ಏನೂ ಇರಲಿಲ್ಲ.

ತಲೆಯೆತ್ತಿದಾಗ ವರ್ನಾ ಬರುತ್ತಿದ್ದಳು. ಅವಳ ಹಿಂದೆ ಅವಳ ತಮ್ಮ, ಬ್ರಾಕ್, ಅವನ ಅಪ್ಪ, ಇನ್ನೂ ಏಳೆಂಟು ಮಂದಿ.

"ಹುಡುಕ್ತಿದೀರಾ?" ಅಂದಳು. "ನೀವೊಬ್ರೇ ಯಾಕೆ, ಇರಿ."

"ಬೇಡ ವರ್ನಾ. ನೀನು ಹೋಗು."

"ನನ್ ರೇಸ್ ತಿಂದಿದ್ದು ಏನು ಅಂತ ನಾನೂ ನೋಡ್ಬೇಕಲ್ಲ."

ಯಾರೂ ಹೇಳದೆಯೇ ಎಲ್ಲರೂ ಟ್ರ್ಯಾಕಿನ ಅಗಲಕ್ಕೂ ಸಾಲಾಗಿ ಹರಡಿಕೊಂಡರು, ತಲೆ ತಗ್ಗಿಸಿ ನಿಧಾನವಾಗಿ ಮುಂದೆ ಹೋದರು. ಗೆದ್ದ ಹುಡುಗ ಗೋಡೆಯ ಬುಡದ ಹುಲ್ಲನ್ನು ಕಾಲಿನಿಂದ ಸರಿಸಿ ನೋಡುತ್ತಿದ್ದ. ಯಾರ ಮುಖದಲ್ಲೂ ಅನುಮಾನವಿರಲಿಲ್ಲ. ಅವರೆಲ್ಲ ಡೆಲ್ಮರನನ್ನು ಗೆಲ್ಲಿಸಲಿಕ್ಕೆ ಹುಡುಕುತ್ತಿದ್ದರು.

"ಸಿಕ್ತು" ಅಂದಳು ವರ್ನಾ.

ಬೆರಳಿನುದ್ದದ ಬೋಲ್ಟು. ತಂದು ಅವನ ಅಂಗೈಯಲ್ಲಿಟ್ಟಳು. ಹತ್ತಿರವಿದ್ದವರು ಸುತ್ತ ಸೇರಿದರು. ಅವಳ ತಮ್ಮ ಡೆಲ್ಮರನ ಹೆಗಲು ತಟ್ಟಿ, "ತಪ್ಪು ತಿಳ್ಕೊಂಡಿದ್ದೆ ನಿಮ್ಮನ್ನ" ಅಂದ.

ಬೋಲ್ಟು ಮೈಯೆಲ್ಲ ತುಕ್ಕು ಹಿಡಿದಿತ್ತು. ಅದರ ಎಳೆಗಳಲ್ಲಿ ಮಣ್ಣು ಕಲ್ಲಾಗಿ ಕೂತಿತ್ತು. ಎಷ್ಟೋ ವರ್ಷದಿಂದ ಹುಲ್ಲಿನಲ್ಲಿ ಬಿದ್ದಿದ್ದದ್ದು ಅಂತ ಯಾರು ಬೇಕಾದರೂ ಹೇಳಬಹುದಿತ್ತು, ಎಂಜಿನ್ ಬಿಚ್ಚಿ ಕಟ್ಟುವ ವರ್ನಾಳಂತೂ ಹೇಳಲೇಬೇಕಿತ್ತು. ಅವಳು ಅದನ್ನು ನೋಡಲಿಲ್ಲ. ಡೆಲ್ಮರನ ಮುಖವನ್ನೇ ನೋಡುತ್ತಿದ್ದಳು.

"ಇದೇ ಅಲ್ವಾ?" ಅಂದಳು.

ಹೂಂ ಅಂದರೆ ಮುಗಿಯುತ್ತಿತ್ತು. ಅವಳು ಮನೆಗೆ ಹೋಗುತ್ತಿದ್ದಳು, ಮುಂದಿನ ವಾರ ಅವನು ಮತ್ತೆ ಮೇಲೆ ಹತ್ತುತ್ತಿದ್ದ.

"ಇದಲ್ಲ" ಅಂದ ಡೆಲ್ಮರ್. "ಏನೂ ಇರ್ಲಿಲ್ಲ ವರ್ನಾ. ಏನೂ ಇಲ್ಲ ಅಂತ ಗೊತ್ತಿದ್ದೇ ಎತ್ತಿದೆ."

ಅವಳ ತಮ್ಮ ಹೆಗಲ ಮೇಲಿದ್ದ ಕೈ ತೆಗೆದ. ವರ್ನಾ ಬೋಲ್ಟನ್ನು ಡೆಲ್ಮರನ ಅಂಗೈಯಿಂದ ವಾಪಸ್ಸು ತೆಗೆದುಕೊಂಡಳು. ಅಲ್ಲೇ ಬಿಟ್ಟರೆ ಯಾರ ಟೈರಿಗಾದರೂ ಚುಚ್ಚುತ್ತದೆ ಅನ್ನುವ ಹಾಗೆ ಜೇಬಿಗೆ ಹಾಕಿಕೊಂಡು ಟ್ರೇಲರ್ ಕಡೆ ನಡೆದಳು. ಹತ್ತಿರವಿದ್ದವರು ಒಬ್ಬೊಬ್ಬರಾಗಿ ಅವಳ ಹಿಂದೆ ಹೋದರು.

ತಿರುವಿನ ಆಚೆ ತುದಿಯಲ್ಲಿದ್ದವರಿಗೆ ಇದು ಯಾವುದೂ ಕೇಳಿಸಿರಲಿಲ್ಲ. ಬ್ರಾಕ್, ಅವನ ಅಪ್ಪ, ಇನ್ನು ಮೂವರು, ಸೊಂಟ ಬಗ್ಗಿಸಿ, ಬಿಸಿಲಿಗೆ ಹಣೆಗೆ ಕೈಯಡ್ಡ ಹಿಡಿದು ಇನ್ನೂ ಹುಡುಕುತ್ತಲೇ ಇದ್ದರು. ಡೆಲ್ಮರ್ ಅವರ ಕಡೆ ಹೆಜ್ಜೆ ಹಾಕಿದ.