ಹೊಸತೊಡಕಿನ ದಬರಿ

ನಾಗಮಂಗಲದ ಒಂದು ಓಣಿಯಲ್ಲಿ ಸುತ್ತಿಗೆಯ ಪೆಟ್ಟು ತಿಂದು ತಿಂದು ಆಕಾರಕ್ಕೆ ಬಂದವನು ನಾನು, ಒಂದು ತಾಮ್ರದ ದಬರಿ. ಐದು ಸೇರು ಅಕ್ಕಿ, ಅದಕ್ಕೆ ತಕ್ಕ ಬಾಡು ಹಿಡಿಯುವ ಹೊಟ್ಟೆ ನನ್ನದು. ಹುಟ್ಟಿದ ದಿನವೇ ನನ್ನ ಒಳಮೈಗೆ ತವರ ಕಾಯಿಸಿ ಬಳಿದರು. ಅದಕ್ಕೆ ಕಲಾಯಿ ಎನ್ನುತ್ತಾರೆ. ತಾಮ್ರಕ್ಕೂ ಹುಳಿಗೂ ಆಗಿಬರುವುದಿಲ್ಲ. ನಡುವೆ ತವರದ ತೆಳುವಾದ ಪದರ ಇರಲೇಬೇಕು. ಅದು ಸವೆದುಹೋದರೆ ನನ್ನಲ್ಲಿಟ್ಟ ಹುಳಿ ವಿಷವಾಗುತ್ತದೆ. ಹೇಳಿಕೊಳ್ಳಲು ಹೇಸಿಗೆಯಾಗುತ್ತದೆ, ಆದರೂ ಹೇಳಿಬಿಡಬೇಕು.

ನನ್ನನ್ನು ಕೊಂಡು ತಂದವಳು ಮಂಚಮ್ಮ. ಗಟ್ಟಿ ಹೆಂಗಸು. ಅವಳು ವರ್ಷಕ್ಕೊಮ್ಮೆ ಮರೆಯದೆ ಕಲಾಯಿ ಹಾಕಿಸುತ್ತಿದ್ದಳು. ಆಮೇಲೆ ಯಜಮಾನಿಕೆ ಅವಳ ಮಗ ಮರೀಗೌಡನ ಕೈಗೆ ಬಂತು. ಅವನಿಗೆ ನನ್ನ ಹೊರಮೈ ಹೊಳೆದರೆ ಸಾಕಿತ್ತು, ಒಳಗೆ ಬಗ್ಗಿ ನೋಡುವ ಅಭ್ಯಾಸವೇ ಇರಲಿಲ್ಲ. ಒಲೆಯ ಮೇಲೆ ಕೂತವನಿಗೆ ಮನುಷ್ಯರ ಗಲ್ಲದ ಕೆಳಭಾಗ, ಮೂಗಿನ ಹೊಳ್ಳೆ ಚೆನ್ನಾಗಿ ಕಾಣುತ್ತವೆ. ಮರೀಗೌಡ ಸೌಟಿನಿಂದ ನೆಕ್ಕಿ ರುಚಿ ನೋಡಿ, ಅದೇ ಸೌಟನ್ನು ತಿರುಗಿ ನನ್ನೊಳಗೆ ಅದ್ದುತ್ತಿದ್ದ. ಹಾಗೆ ಅದ್ದಿದಾಗೆಲ್ಲ ನನಗೆ ಮೈ ಮುದುಡುತ್ತಿತ್ತು.

ಮನೆಯ ಸೊಸೆ ಜಯಶೀಲ, ಮರೀಗೌಡನ ಹೆಂಡತಿ. ಅವಳು ಬಾಡಿನ ಪಲಾವ್ ಮಾಡಿದರೆ ಮೂರು ಮನೆಯಾಚೆಗೂ ವಾಸನೆ ಹೋಗುತ್ತಿತ್ತು. ಕೊತ್ತಂಬರಿ, ಪುದೀನ, ಹಸಿಮೆಣಸಿನಕಾಯಿ, ಚಕ್ಕೆ, ಲವಂಗ ನುಣ್ಣಗೆ ಅರೆದು, ಎಣ್ಣೆ ಬಿಡುವವರೆಗೂ ಹುರಿದು, ಬಾಡು ಹಾಕಿ, ನೀರಿಟ್ಟು, ಕೊನೆಗೆ ಸಣ್ಣಕ್ಕಿ ಹಾಕುತ್ತಿದ್ದಳು. ಮುಚ್ಚಳ ಎತ್ತುತ್ತಿರಲಿಲ್ಲ. ಕಿವಿಯಲ್ಲೇ ಬೆಂದದ್ದು ತಿಳಿಯುತ್ತಿದ್ದಳು. ಯಾರ ಮನೆಯಲ್ಲಿ ಬಾಡೂಟವಾದರೂ, "ಜಯಶೀಲನ್ನ ಒಂದ್ಗಳಿಗೆ ಕಳ್ಸವ್ವ, ಉಪ್ಪು ಖಾರ ನೋಡಿ ಹೋಗ್ಲಿ" ಎಂದು ಕರೆ ಬರುತ್ತಿತ್ತು. ಅವಳಿಗೆ ಕೈಗುಣವಿದೆ ಎಂದು ಊರೇ ಹೇಳುತ್ತಿತ್ತು. ಮೈಮೇಲೆ ಒಡವೆಯಿಲ್ಲದ ಹೆಣ್ಣಿಗೆ ಅದೊಂದೇ ಒಡವೆ.

ನಮ್ಮ ಕಡೆ ಯುಗಾದಿಯ ಮಾರನೆಯ ದಿನ ಹೊಸತೊಡಕು. ಹತ್ತು ಮನೆಯವರು ಸೇರಿ ಮರಿ ಕಡಿದು, ಬಾಡನ್ನು ಮುತ್ತುಗದ ಎಲೆಗಳ ಮೇಲೆ ಗುಡ್ಡೆ ಹಾಕಿ ಸಮನಾಗಿ ಹಂಚಿಕೊಳ್ಳುತ್ತಾರೆ. ಆ ದಿನ ಏನು ನಡೆಯುತ್ತದೋ ವರ್ಷವೆಲ್ಲ ಅದೇ ನಡೆಯುತ್ತದೆ ಎನ್ನುವುದು ನಂಬಿಕೆ. ಅದಕ್ಕೇ ಅಂದು ಯಾರೂ ಬೈಯುವುದಿಲ್ಲ, ಅಳುವುದಿಲ್ಲ, ಎದುರು ಮಾತಾಡುವುದಿಲ್ಲ.

ಆ ವರ್ಷದ ಹೊಸತೊಡಕಿಗೆ ಮರೀಗೌಡನ ತಂಗಿಯ ಅತ್ತೆಮನೆಯವರು ಬರುವವರಿದ್ದರು. ಮರೀಗೌಡ ಯಾವುದೋ ಪೇಟೆಯಲ್ಲಿ ಬಿರಿಯಾನಿ ತಿಂದು ಬಂದಿದ್ದ. ಬಾಡನ್ನು ಮೊಸರು, ನಿಂಬೆಹುಳಿಯಲ್ಲಿ ನೆನೆಸಬೇಕೆಂದು ಅಲ್ಲಿ ಯಾರೋ ಹೇಳಿದ್ದರಂತೆ. ಬೆಳಗಾಗುತ್ತಲೇ ಗುಡ್ಡೆ ಬಾಡು ತಂದು ನನ್ನೊಳಗೆ ಸುರಿದ.

"ಇವತ್ತು ಅಡ್ಗೆ ನಂದು. ಬೀಗ್ರು ಬೆರಳು ಚೀಪ್ಕೊಂಡು ಹೋಗ್ಬೇಕು" ಎಂದ.

ಜಯಶೀಲ ಬಾಡನ್ನು ಪಕ್ಕಕ್ಕೆ ಸರಿಸಿ ನನ್ನ ತಳ ನೋಡಿದಳು. "ಕಲಾಯಿ ಹೋಗ್ಯದೆ. ತಳ ಕೆಂಪಗೆ ಕಾಣ್ತಾ ಅದೆ ನೋಡಿ. ಇದ್ರಲ್ಲಿ ಹುಳಿ ನೆನೆ ಹಾಕ್ಬ್ಯಾಡಿ. ಮಣ್ಣಿನ ಮಡಕೆ ಕೊಡ್ತೀನಿ ತಡೀರಿ."

"ಡಾಕ್ಟ್ರಮ್ಮ ಬಂದ್ಲು. ನಿಮ್ಮಪ್ಪನ ಮನೇಲಿ ಹಬ್ಬಕ್ಕೂ ಉಪ್ಪೆಸ್ರೇ, ನೀನು ಬಿರಿಯಾನಿ ಕಂಡಿದ್ದೀಯಾ? ಸುಮ್ನೆ ಕಲ್ಸು."

ಅವಳು ಮತ್ತೇನೋ ಹೇಳಲು ಬಾಯಿ ತೆರೆದಳು. ಬಾಗಿಲಲ್ಲಿ ಕೂತಿದ್ದ ಮಂಚಮ್ಮ ತಡೆದಳು. "ಹೊಸತೊಡಕಿನ ದಿನ ಎದುರುತ್ರ ಬ್ಯಾಡ ಕನವ್ವ. ವರ್ಸೆಲ್ಲ ಅದೇ ಆಯ್ತದೆ. ಗಂಡ ಹೇಳ್ದಂಗೆ ಮಾಡು."

ಜಯಶೀಲ ಬಾಯಿ ಮುಚ್ಚಿಕೊಂಡು ಕಲಸಿದಳು.

ಬೆಳಗಿನಿಂದ ಮಧ್ಯಾಹ್ನದವರೆಗೆ ಆ ಹುಳಿ ನನ್ನ ಬರಿಮೈಯನ್ನು ತಿಂದಿತು. ನನ್ನೊಳಗಿಂದ ಹಸಿರು ಕಿಲುಬು ಜಿನುಗಿ, ಮೊಸರಿಗಿಳಿದು, ಬಾಡಿನ ನಾರುನಾರಿಗೆ ಸೇರಿತು. ತನ್ನ ಮೈಯ ಕೀವು ಊಟದ ಎಲೆಗೆ ಬೀಳುವುದನ್ನು ನೋಡುತ್ತ ಕೂತವನ ಪಾಡು ಬೇರೆ ಯಾರಿಗೂ ಬೇಡ. ಮರೀಗೌಡ ಕುರ್ಚಿ ಹಾಕಿಕೊಂಡು ಕೂತು ಈರುಳ್ಳಿ ಹಾಕು, ಬಣ್ಣದ ಪುಡಿ ಹಾಕು ಎಂದು ಹೇಳುತ್ತಿದ್ದ. ಪುಡಿ ಹಾಕಿದ ಮೇಲೆ ಅನ್ನ ಕಾಮಾಲೆ ಹತ್ತಿದವರ ಕಣ್ಣಿನಂತೆ ಕಂಡಿತು. ಮಸಾಲೆಯ ಖಾರದಲ್ಲಿ ನನ್ನ ಕಿಲುಬಿನ ಕಹಿ ಅಡಗಿಕೊಂಡಿತು.

ಬೀಗರು ಪಂಕ್ತಿಯಲ್ಲಿ ಕೂತರು. "ಯಾರವ್ವ ಮಾಡಿದ್ದು, ಘಮ್ಮಂತದೆ" ಎಂದಳು ತಂಗಿಯ ಅತ್ತೆ.

"ನಂದೇ ಕೈ ಅಡ್ಗೆ. ನಮ್ಮನೆ ಹೆಂಗಸ್ರಿಗೆ ಇದೆಲ್ಲ ಎಲ್ಲಿ ಬಂದಾತು?" ಎಂದ ಮರೀಗೌಡ.

ಕೈ ತೊಳೆದು ಎಲೆ ಅಡಿಕೆ ಬಾಯಿಗಿಡುವ ಹೊತ್ತಿಗೆ ಮೊದಲು ತಂಗಿಯ ಗಂಡ ಎದ್ದು ಕೊಟ್ಟಿಗೆಯ ಹಿಂದಕ್ಕೆ ಓಡಿದ. ಆಮೇಲೆ ಅವನ ತಾಯಿ. ಆಮೇಲೆ ಹನ್ನೊಂದು ಜನ ಒಬ್ಬರಾದ ಮೇಲೊಬ್ಬರು. ಅಂಗಳದಲ್ಲಿ ಹಿಂದಿನ ದಿನ ಇಟ್ಟ ಯುಗಾದಿಯ ರಂಗೋಲಿಯ ಮೇಲೇ ವಾಂತಿ. ಅದಕ್ಕೆ ಕೋಳಿಗಳು ಬಂದು ಬಾಯಿ ಹಾಕಿದವು. ಯಾರ ಜೀವಕ್ಕೂ ಏನೂ ಆಗಲಿಲ್ಲ, ಅಷ್ಟೇ ಪುಣ್ಯ.

ಮರೀಗೌಡ ಬಾಯಿ ಒರೆಸಿಕೊಳ್ಳುತ್ತ ಬಂದ. "ನಾನು ಬರೀ ಹೇಳ್ತಿದ್ದೆ ಅಷ್ಟೆ. ಕಲ್ಸಿದ್ದು, ಬೇಯ್ಸಿದ್ದು ಎಲ್ಲ ಇವ್ಳ ಕೈ" ಎಂದ.

ಮನೆಯ ಹೆಂಗಸಾದ್ದರಿಂದ ಜಯಶೀಲ ಇನ್ನೂ ಉಂಡಿರಲಿಲ್ಲ. ತಂಗಿಯ ಅತ್ತೆ ಗೋಡೆಗೊರಗಿ ಅವಳನ್ನೇ ದಿಟ್ಟಿಸಿದಳು. "ನೋಡವ್ವ, ಇವ್ಳೊಬ್ಳು ಗುಂಡುಕಲ್ಲಿನಂಗೆ ನಿಂತವ್ಳೆ. ಹೊಸತೊಡಕಿನ ದಿನವೇ ಹಿಂಗಾದ್ಮೇಲೆ ಕೈಗುಣ ಕೆಟ್ಟದ್ದು ಅಂತ್ಲೇ ಅರ್ಥ."

ಮಂಚಮ್ಮ ಅಲ್ಲ ಎನ್ನಲಿಲ್ಲ. ಸೊಸೆ ಮಡಕೆ ಕೊಡುತ್ತೇನೆ ಎಂದದ್ದನ್ನು ಅವಳು ಕೇಳಿದ್ದಳು. ಆದರೂ ಅಲ್ಲ ಎನ್ನಲಿಲ್ಲ. ನನಗೆ ಬಾಯಿ ಇದೆ, ಎಷ್ಟು ದೊಡ್ಡ ಬಾಯಿ, ಅದರಿಂದ ಒಂದು ಮಾತು ಹೊರಡಲಿಲ್ಲ.

ಆ ಮಾತು ಮನೆಮನೆಗೂ ಹೋಯಿತು. ಬಾಡೂಟಕ್ಕೆ ಜಯಶೀಲಳನ್ನು ಕರೆಯುವುದು ನಿಂತಿತು. ಮನೆಯಲ್ಲೂ ಬಾಡಿನ ಅಡಿಗೆ ಮುಟ್ಟಗೊಡಲಿಲ್ಲ. ಈರುಳ್ಳಿ ಸುಲಿಯುವುದು, ಪಾತ್ರೆ ತಿಕ್ಕುವುದು ಅವಳ ಪಾಲು. ಅವಳು ಕೊಟ್ಟ ಮಜ್ಜಿಗೆಯನ್ನು ಪಕ್ಕದ ಮನೆಯವಳು ಹಿತ್ತಿಲಿಗೆ ಚೆಲ್ಲಿದ್ದನ್ನು ಅವಳೇ ಕಣ್ಣಾರೆ ಕಂಡಳು. ಅಲ್ಯೂಮಿನಿಯಂ ಪಾತ್ರೆ ಬಂದು, ನಾನು ಕಿಲುಬು ಹಿಡಿದ ಹೊಟ್ಟೆಯ ಸಮೇತ ಅಟ್ಟ ಸೇರಿದೆ. ಹದಿನಾರು ವರ್ಷ ಅಲ್ಲಿ ಬೋರಲು ಬಿದ್ದಿದ್ದೆ. ಇಲಿಗಳು ನನ್ನ ಬೆನ್ನ ಮೇಲೆ ಹಿಕ್ಕೆ ಹಾಕುತ್ತಿದ್ದವು. ಕೆಳಗೆ ಕೇಳುತ್ತಿದ್ದ ಮರೀಗೌಡನ ನಗುವಿಗಿಂತ ಆ ಹಿಕ್ಕೆಯೇ ಮೇಲು ಎನ್ನಿಸುತ್ತಿತ್ತು.

ಜಯಶೀಲಳ ಮಗಳ ಮದುವೆ ಗೊತ್ತಾಯಿತು. ಮದುವೆಯಾದ ಮೇಲೆ ಬೀಗರೂಟ, ಅಂದರೆ ಬಾಡೂಟ, ಹಾಕಲೇಬೇಕು. ಪಾತ್ರೆ ಸಾಲದೆಂದು ನನ್ನನ್ನು ಕೆಳಗಿಳಿಸಿದರು. ಕಲಾಯಿ ಹಾಕುವ ಇಮಾಮ್ ಸಾಬರು ಬೀದಿಯಲ್ಲಿ ಹೋಗುತ್ತಿದ್ದರು. ಜಯಶೀಲ ಅವರನ್ನು ಕರೆದು ಎಲ್ಲರೆದುರು ನನ್ನನ್ನು ಅಂಗಳಕ್ಕೆ ತಂದಿಟ್ಟಳು.

ಸಾಬರು ಬಗ್ಗಿ ನೋಡಿದವರೇ ಮುಖ ಹಿಂದಕ್ಕೆಳೆದುಕೊಂಡರು. "ಏನಮ್ಮಾ ಇದು, ಇಷ್ಟು ಕಿಲುಬು. ಇದ್ರಲ್ಲಿ ಹುಳಿ ಹಾಕಿ ಯಾರೂ ಉಣ್ಲಿಲ್ಲ ತಾನೆ? ಉಂಡಿದ್ರೆ ಕರುಳು ಬಾಯಿಗೆ ಬಂದಿರೋದು."

ಮಂಚಮ್ಮ ಕೋಲೂರಿ ಹತ್ತಿರ ಬಂದಳು. "ಮೊಸ್ರು, ನಿಂಬೆಹಣ್ಣು ಹಾಕಿದ್ರೆ?"

"ಯಾವುದಾದ್ರೂ ಸರಿ."

"ಕಲ್ಸಿದವರ ಕೈ ಒಳ್ಳೇದಿದ್ರೂವೆ?"

"ತಾಮ್ರಕ್ಕೆ ಕೈ ಯಾರದೂಂತ ಹೆಂಗಮ್ಮ ಗೊತ್ತಾಗ್ತದೆ?"

ಸಾಬರು ಇದ್ದಿಲು ಊದಿದರು. ಮರೀಗೌಡನೇ ಮೊದಲು ಬಾಯಿಬಿಟ್ಟ. "ನಂಗೆ ಆವತ್ತೇ ಅನುಮಾನ ಇತ್ತು. ಇವ್ಳು ಒತ್ತಿ ಹೇಳ್ನಿಲ್ಲ." ಆ ಗಳಿಗೆಯಲ್ಲಿ ನನ್ನೊಳಗಿನ ಹಸಿರೇ ಅವನ ನಾಲಿಗೆಗಿಂತ ಚೊಕ್ಕ ಎನ್ನಿಸಿತು.

ಮಂಚಮ್ಮ ಸೊಸೆಯ ಮುಖ ನೋಡಲಾರದೆ ನನ್ನನ್ನೇ ನೋಡುತ್ತ ಹೇಳಿದಳು. "ಬೀಗರೂಟಕ್ಕೆ ನೀನೇ ಕೈ ಹಾಕವ್ವ."

"ಬ್ಯಾಡಿ ಅತ್ತೆ. ಆ ಮಾತು ಎಷ್ಟು ಮನೆಗೆ ಹೋಗ್ಯದೋ ಅಷ್ಟೂ ಮನೆಯಿಂದ ವಾಪಸ್ ತನ್ನಿ. ಆಮೇಲೆ ಕೈ ಹಾಕ್ತೀನಿ" ಎಂದಳು ಜಯಶೀಲ. ದನಿ ಏರಿಸಲಿಲ್ಲ.

ಮುದುಕಿ ಹೊರಟಳು. ದಿನಕ್ಕೆ ನಾಲ್ಕೈದು ಮನೆಯಂತೆ ಕೋಲೂರಿಕೊಂಡು ಹೋಗಿ, "ತಪ್ಪು ನನ್ನ ಮಗಂದು, ಕಂಡೂ ಕಾಣದಂಗೆ ಇದ್ದದ್ದು ನಂದು" ಎಂದು ಬಾಗಿಲಲ್ಲಿ ನಿಂತೇ ಹೇಳಿ ಬರುತ್ತಿದ್ದಳು. ಅದಕ್ಕಾಗಿ ಅವಳ ಮೇಲಿನ ನನ್ನ ಸಿಟ್ಟು ಅರ್ಧ ಇಳಿಯಿತು. ಊರೆಲ್ಲ ಮುಗಿದ ಮೇಲೆ ಉಳಿದದ್ದು ಒಂದೇ ಮನೆ, ತಂಗಿಯ ಅತ್ತೆಯದು. ಆ ಊರಿಗೆ ಮುದುಕಿಯ ಕಾಲು ಸಾಗದು. ಮಗನೇ ಹೋಗಬೇಕಿತ್ತು. "ಬೀಗ್ರ ಮುಂದೆ ನಾನು ತಲೆ ತಗ್ಗಿಸ್ಲಾ?" ಎಂದ ಅವನು.

ಬೀಗರೂಟಕ್ಕೆ ಬಾಡಿಗೆಯ ಅಡಿಗೆಯವರು ತಮ್ಮ ಪಾತ್ರೆ ಪಗಡಗಳ ಸಮೇತ ಬಂದರು. ಜಯಶೀಲ ಕೈ ತೊಳೆದು, ಮೊದಲ ಪಂಕ್ತಿಯಲ್ಲೇ ಕೂತು ಉಂಡಳು.

ಮಂಚಮ್ಮ ತೀರಿಕೊಂಡು ಬಹಳ ಕಾಲವಾಯಿತು. ನಾನು ಅಡಿಗೆಮನೆಯ ಮೂಲೆಯಲ್ಲಿದ್ದೇನೆ. ಒಳಗೆ ಹೊಸ ಕಲಾಯಿ ಬೆಳ್ಳಿಯ ಹಾಗೆ ಹೊಳೆಯುತ್ತಿದೆ. ಅಂದಿನಿಂದ ಒಮ್ಮೆಯೂ ಒಲೆಯ ಮೇಲೇರಿಲ್ಲ. ಮರೀಗೌಡನಿಗೂ ವಯಸ್ಸಾಯಿತು. ಪ್ರತಿ ಹೊಸತೊಡಕಿಗೂ ಬಂದು ನನ್ನ ಅಂಚು ಸವರಿ, "ಒಂದ್ಸಲ ಪಲಾವ್ ಮಾಡ್ಬಾರ್ದಾ" ಎನ್ನುತ್ತಾನೆ. ಅವನ ಬೆರಳು ತಾಗಿದರೆ ನನಗೆ ಈಗಲೂ ಅಸಹ್ಯ. "ಇನ್ನೊಂದು ಮನೆ ಉಳ್ಕೊಂಡದೆ" ಎಂದು ಜಯಶೀಲ ಸೊಪ್ಪು ಬಿಡಿಸುತ್ತಲೇ ಹೇಳುತ್ತಾಳೆ. ಈಗ ಆ ಊರಿಗೆ ಹೋಗುವ ಬಸ್ಸು ದಿನಕ್ಕೆ ಎರಡು ಸಲ ನಮ್ಮ ಬಾಗಿಲ ಮುಂದೆಯೇ ನಿಂತು ಹೋಗುತ್ತದೆ.