ಕೊನೆಯ ಟೋಕನ್ ಹೋಗುವವರೆಗೆ

ಮಹಾನಂದಾ ಮಾಡುವ ಕೆಲಸ ಏನೆಂದು ಬಿಜಾಪುರದಲ್ಲಿದ್ದ ಅವಳ ಅಕ್ಕನಿಗೆ ಕೊನೆಗೂ ಅರ್ಥವಾಗಲಿಲ್ಲ. ಸಾಫ್ಟ್‌ವೇರ್ ಕಂಪನಿಯಲ್ಲಿದ್ದಳು, ಆದರೆ ಸಾಫ್ಟ್‌ವೇರ್ ಬರೆಯುತ್ತಿರಲಿಲ್ಲ. ಬರೆಯುವ ಹುಡುಗರಿಗೆ ಏನು ಬರೆಯಬೇಕೆಂದು ತಿಳಿಸುವ ದಪ್ಪನೆಯ ಡಾಕ್ಯುಮೆಂಟನ್ನು ಬರೆಯುತ್ತಿದ್ದಳು. ಆಫೀಸಿನಲ್ಲಿ ಅದಕ್ಕೆ ಬಿಆರ್‌ಡಿ ಎನ್ನುತ್ತಿದ್ದರು. ಕ್ಲೈಂಟಿನ ಹತ್ತಿರ ಹೋಗಿ ಕೂರುವುದು, ಈಗ ಕೆಲಸ ಹೇಗೆ ನಡೆಯುತ್ತಿದೆ, ಮುಂದೆ ಹೇಗೆ ನಡೆಯಬೇಕು ಎಂದು ಕೆದಕಿ ಕೆದಕಿ ಕೇಳುವುದು, ಎಲ್ಲವನ್ನೂ ಬರೆದು ಸಹಿ ಹಾಕಿಸುವುದು. ಹದಿನಾಲ್ಕು ವರ್ಷ ಕಂಡವರಿಗೆಲ್ಲ ನಿಮಗೇನು ಬೇಕು ಎಂದು ಕೇಳಿಕೊಂಡು ಬಂದವಳಿಗೆ, ನಿನಗೇನು ಬೇಕು ಎಂದು ಕೇಳುವ ಒಂದು ನರಪಿಳ್ಳೆಯೂ ಇರಲಿಲ್ಲ. ಹೂಡಿಯ ಆರನೇ ಮಹಡಿಯ ಫ್ಲಾಟಿನಲ್ಲಿ ಅವಳೊಬ್ಬಳೇ. ಸಂಜೆ ಬೀಗ ತೆಗೆದರೆ ಬೆಳಿಗ್ಗೆ ಇಟ್ಟುಹೋದ ಕಾಫಿ ಲೋಟ ಇಟ್ಟಲ್ಲೇ ಇರುತ್ತಿತ್ತು.

ಎರಡು ಸಾವಿರದ ಒಂಬತ್ತರ ಜೂನಿನಲ್ಲಿ ಅವಳನ್ನು ಪೀಣ್ಯದ ಒಂದು ಕಾರ್ಖಾನೆಗೆ ಕಳಿಸಿದರು. ಅಲ್ಲಿನ ಟೂಲ್ ಸ್ಟೋರನ್ನು ಕಂಪ್ಯೂಟರಿಗೆ ತರಬೇಕಿತ್ತು. ಸ್ಟೋರ್ ನೋಡಿಕೊಳ್ಳುತ್ತಿದ್ದವನು ಕೊಟ್ರಪ್ಪ. ಕೊಟ್ಟೂರು ಕಡೆಯವನು, ಇಪ್ಪತ್ತಾರು ವರ್ಷದ ಸರ್ವಿಸು, ನಿವೃತ್ತಿಗೆ ಎರಡು ವರ್ಷ ಬಾಕಿ. ಅವನ ಹಿಂದಿನ ಗೋಡೆಯ ತುಂಬ ಒಂದು ಹಲಗೆ, ಹಲಗೆಯ ತುಂಬ ಮೊಳೆ. ಸ್ಪ್ಯಾನರ್ ಬೇಕೆಂದು ಬಂದವನು ತನ್ನ ನಂಬರಿನ ಹಿತ್ತಾಳೆ ಟೋಕನ್ ಕೊಡಬೇಕು, ಕೊಟ್ರಪ್ಪ ಅದನ್ನು ಮೊಳೆಗೆ ಸಿಕ್ಕಿಸಿ ಸ್ಪ್ಯಾನರ್ ಕೊಡುತ್ತಾನೆ. ವಾಪಸು ತಂದಾಗ ಟೋಕನ್ ವಾಪಸು. ಮಹಾನಂದಾಳಿಗೂ ವಿನಾಯಿತಿ ಇರಲಿಲ್ಲ. ಮಷೀನುಗಳ ಹತ್ತಿರ ಹೋಗಲು ಅವಳಿಗೆ ಸ್ಟೋರಿನ ಸೇಫ್ಟಿ ಕನ್ನಡಕ ಬೇಕಿತ್ತು. ಅದಕ್ಕಾಗಿ ಅವನು ಒಂದು ಹಳೆಯ ಟೋಕನನ್ನು ಹುಣಸೆಹಣ್ಣು ಹಚ್ಚಿ ತಿಕ್ಕಿ ಅವಳ ಹೆಸರಿಗೆ ಕೊಟ್ಟ.

ಐದಕ್ಕೆ ಶಿಫ್ಟ್ ಮುಗಿದರೂ ಅವನು ಏಳುತ್ತಿರಲಿಲ್ಲ. ಕೊನೆಯ ಟೋಕನ್ ಹೋಗುವವರೆಗೆ ಕೂತಿರುತ್ತಿದ್ದ. ಯಾಕೆ ಎಂದು ಕೇಳುವುದು ಅವಳ ಉದ್ಯೋಗ, ಕೇಳಿದಳು.

"ಹಿಂದೆ ಲಕ್ಷ್ಮಣಪ್ಪ ಅಂತ ಒಬ್ಬ ಟರ್ನರ್ ಇದ್ದ ನೋಡ್ರಿ ಮೇಡಂ. ಅವನ ಟೋಕನ್ ಹಂಗೇ ಇತ್ತು. ಮರ್ತು ಹೋಗ್ಯಾನ ಅಂದ್ಕೊಂಡು ಬೀಗ ಹಾಕ್ದೆ. ಮಷೀನ್ ಹಿಂದೆ ಬಿದ್ದಿದ್ದ. ಬೆಳಿಗ್ಗೆ ಸಿಕ್ಕ." ಕೊಟ್ರಪ್ಪ ಮೇಜನ್ನು ಒರೆಸಿದ. "ಜೀವ ಇರ್ಲಿಲ್ಲ. ಅವತ್ತಿಂದ ಟೋಕನ್ ಇರೋತನಕ ನಾ ಹೋಗಂಗಿಲ್ಲ."

ಮೂರನೇ ವಾರ ಒಂದು ದಿನ ಅವಳು ಕನ್ನಡಕವನ್ನು ಬ್ಯಾಗಿನಲ್ಲೇ ಮರೆತು ಕ್ಯಾಬ್ ಹತ್ತಿದಳು. ಹೆಬ್ಬಾಳದಲ್ಲಿ ಫೋನ್ ಬಂತು. ಗೇಟಿನ ರಿಜಿಸ್ಟರ್ ನೋಡಿ ಕೊಟ್ರಪ್ಪ ನಂಬರ್ ಹುಡುಕಿದ್ದ.

"ಮೇಡಂ, ನಿಮ್ಮ ಟೋಕನ್ ಇಲ್ಲೇ ಐತಲ್ಲ. ಎಲ್ಲಿದ್ದೀರಿ?"

"ಅಯ್ಯೋ, ಕ್ಯಾಬ್‌ನಲ್ಲಿದ್ದೀನಿ ಕೊಟ್ರಪ್ಪನೋರೆ. ನಾಳೆ ತರ್ತೀನಿ, ನೀವು ಹೊರಡಿ."

"ಮನೆ ಸೇರಿದ ಮ್ಯಾಲೆ ಒಂದು ಫೋನ್ ಮಾಡ್ರಿ. ಆಮೇಲೆ ಬಾಗ್ಲು ಹಾಕ್ತೀನಿ."

ಹೂಡಿ ತಲುಪಿದಾಗ ಏಳೂಕಾಲು. ಚಪ್ಪಲಿ ಕೂಡ ಬಿಡದೆ ಫೋನ್ ಮಾಡಿ, "ಮನೆ ಸೇರಿದೆ" ಎಂದಳು. "ಹಾಂ, ಹಂಗಾದ್ರ ಹೊಂಟೆ" ಎಂದ ಕೊಟ್ರಪ್ಪ. ತಾನು ಮನೆ ಸೇರಿದ್ದು ಈ ಊರಿನಲ್ಲಿ ಒಬ್ಬರಿಗಾದರೂ ಗೊತ್ತು ಎಂದು ಅವಳಿಗೆ ಅಳು ಬಂತು. ಅತ್ತಳು, ಮುಖ ತೊಳೆದು ಅನ್ನಕ್ಕಿಟ್ಟಳು.

ಡಾಕ್ಯುಮೆಂಟಿನಲ್ಲಿ ಇದನ್ನು ಉಳಿಸಲೇಬೇಕೆಂದು ಹಟ ಹಿಡಿದಳು. ಇಪ್ಪತ್ತೇಳನೇ ಅಂಶವಾಗಿ ಸೇರಿಸಿದಳು: ಕೊನೆಯ ಟೋಕನ್ ಹೋಗುವವರೆಗೆ ಸ್ಟೋರ್ ಮುಚ್ಚಬಾರದು. ಆದರೆ ಈಗಿನ ಪದ್ಧತಿಯನ್ನೂ ಬರೆಯಬೇಕಲ್ಲ. ಕಂಪನಿಯ ನಮೂನೆಯಲ್ಲಿ ಅದಕ್ಕೆ ಎರಡೇ ಕಾಲಂ: ಈಗ ಏನು ನಡೆಯುತ್ತಿದೆ, ಅದರಿಂದ ಏನು ತೊಂದರೆ. ಚೆನ್ನಾಗಿರುವುದನ್ನು ಬರೆಯಲು ಜಾಗವನ್ನೇ ಇಟ್ಟಿರಲಿಲ್ಲ ಪುಣ್ಯಾತ್ಮರು. ಕಾಲಂ ಖಾಲಿ ಬಿಟ್ಟರೆ ಮೇಲಿನವರು ವಾಪಸು ಕಳಿಸುತ್ತಾರೆ. ಸದ್ಯಕ್ಕೆ ಏನೋ ಒಂದಿರಲಿ ಎಂದು ತೊಂದರೆಯ ಕಾಲಮಿನಲ್ಲಿ 'ದಿನಕ್ಕೆ ನಲವತ್ತು ನಿಮಿಷ ಹೆಚ್ಚು' ಎಂದು ತುಂಬಿದಳು. ಹದಿನಾಲ್ಕು ವರ್ಷದಿಂದ ಖಾಲಿ ಕಾಲಂ ಬಿಟ್ಟು ಗೊತ್ತಿಲ್ಲದ ಕೈ ಅದು.

ಮೀಟಿಂಗಿನಲ್ಲಿ ವರ್ಕ್ಸ್ ಮ್ಯಾನೇಜರ್ ಪರಮಾನಂದನ ಪೆನ್ನು ನೇರ ಅಲ್ಲಿಗೇ ಹೋಗಿ ನಿಂತಿತು.

"ಸೂಪರ್ ಮೇಡಂ! ಇಷ್ಟು ವರ್ಷ ಇದು ನಮ್ಮ ಕಣ್ಣಿಗೇ ಬಿದ್ದಿರ್ಲಿಲ್ಲ. ಇದಕ್ಕೆ ಸಾಫ್ಟ್‌ವೇರ್ ಬರೋ ತನಕ ಯಾಕೆ ಕಾಯ್ಬೇಕು?" ಎನ್ನುತ್ತಾ ಇಪ್ಪತ್ತೇಳನೇ ಅಂಶಕ್ಕೆ ಅಡ್ಡಗೆರೆ ಎಳೆದು ತೆಗೆದುಹಾಕಿದ.

"ಸಾರ್, ಅದು ತೊಂದರೆ ಅಲ್ಲ..."

"ನೀವೇ ಬರ್ದಿದ್ದೀರಲ್ಲ ಮೇಡಂ, ತೊಂದರೆ ಅಂತ?"



ಸಹಿ ಮಾಡಬೇಕಾದವರಲ್ಲಿ ಕೊಟ್ರಪ್ಪನೂ ಒಬ್ಬ. ಇಂಗ್ಲಿಷಿನಲ್ಲಿತ್ತು, ಓದಿ ಹೇಳ್ರಿ ಎಂದ. ಅವಳು ಆ ಸಾಲನ್ನೂ ಬಿಡದೆ ಹೇಳಿದಳು. ಅವನು ಕನ್ನಡಕ ತೆಗೆದು ಮತ್ತೆ ಹಾಕಿಕೊಂಡ. "ನಲವತ್ತು ನಿಮಿಷ ಆಗೋದು ಖರೇನ. ಸುಳ್ಳೇನು ಬರ್ದಿಲ್ಲ ನೀವು" ಎಂದು ದುಂಡಗೆ ಸಹಿ ಹಾಕಿದ.

ಆ ಸಂಜೆ ಅವಳು ಸೇಫ್ಟಿ ಕನ್ನಡಕವನ್ನು ಬ್ಯಾಗಿಗೆ ಹಾಕಿಕೊಂಡಳು. ಮರೆತಲ್ಲ, ಬೇಕೆಂದೇ. ಟೋಕನ್ ಮೊಳೆಯ ಮೇಲೆ ಉಳಿಯಿತು. ಹೆಬ್ಬಾಳದಲ್ಲಿ ಫೋನನ್ನು ಕೈಯಲ್ಲೇ ಹಿಡಿದಿದ್ದಳು. ಹೂಡಿಯಲ್ಲೂ. ಏಳೂವರೆಯಾದರೂ ಅದು ಮಿಸುಕಲಿಲ್ಲ. ಕೊನೆಗೆ ನಾಚಿಕೆ ಬಿಟ್ಟು ತಾನೇ ಮಾಡಿದಳು.

"ನಿಮ್ಮ ಟೋಕನ್ ನೋಡಿದೆ ಮೇಡಂ" ಎಂದ ಕೊಟ್ರಪ್ಪ, ಅವಳು ಬಾಯಿ ತೆರೆಯುವ ಮೊದಲೇ. "ಇವತ್ತಿಂದ ಐದಕ್ಕ ಬೀಗ ಅಂತ ಆರ್ಡರ್ ಆತು. ಸೆಕ್ಯುರಿಟಿಯವ್ರು ನಿಂತು ಕೀಲಿ ಇಸ್ಕೊಂಡ್ರು. ಫೋನ್ ಮಾಡೋಣಂದ್ರ ನನಗ ಮುಖ ಇರ್ಲಿಲ್ಲ. ಟೋಕನ್ ಇದ್ದಂಗೇ ಬಿಟ್ಟು ಬಂದೀನಿ. ತಪ್ಪಾತು ಮೇಡಂ, ಮನಸ್ಸಿಗೆ ಹಚ್ಕೋಬ್ಯಾಡ್ರಿ."

ತಪ್ಪು ನನ್ನದು ಎನ್ನಲು ಹೋದಳು, ಅಷ್ಟರಲ್ಲಿ ಅವನೇ ಕೇಳಿದ.

"ಮನೆ ಸೇರೀರಿಲ್ಲ?"

"ಸೇರಿದೀನಿ."

"ಅಷ್ಟಾದ್ರ ಸಾಕು" ಎಂದು ಅವನು ಫೋನ್ ಇಟ್ಟ.

ಮಹಾನಂದಾ ಲೈಟು ಹಾಕದೆ ಬಾಗಿಲ ಹತ್ತಿರವೇ ನಿಂತಿದ್ದಳು. ನಾಳೆಯಿಂದ ಯಾರೂ ಹೀಗೆ ಕೇಳುವುದಿಲ್ಲ. ಕೇಳಬೇಕಾಗಿಲ್ಲ ಎಂದು ಬರೆದುಕೊಟ್ಟವಳೂ ಅವಳೇ.