ತಂತಿಯಿದ್ದ ಟಾಯರು

ಖಂಡಪ್ಪ ಸಯನ್ ಸ್ಟೇಷನ್ನಿನ ಹೊರಗೆ ಗೋಣಿ ಹಾಸಿಕೊಂಡು ಹಳೆಯ ಟಾಯರಿನಿಂದ ಚಪ್ಪಲಿ ಮಾಡುತ್ತಿದ್ದ. ಅವನು ರಂಪಿಗೆಯಿಂದ ಕೊಯ್ಯುವಾಗ ಹೆಂಡತಿ ಮಲ್ಲಕ್ಕ ಇಕ್ಕಳದಿಂದ ರಬ್ಬರನ್ನು ಜಗ್ಗಿ ಹಿಡಿದು, ಅಲಗಿನ ಮೇಲೆ ನೀರು ಬಿಡಬೇಕು. ಒಣ ರಬ್ಬರು ಕಚ್ಚಿಕೊಂಡರೆ ಬಿಡುವುದಿಲ್ಲ. ಎಪ್ಪತ್ತೇಳರ ಬೇಸಿಗೆಯಲ್ಲಿ ಗುಜರಿಯಿಂದ ವಿದೇಶಿ ಕಾರಿನ ಟಾಯರೊಂದು ಬಂತು. ನೀರು ಬಿಟ್ಟರೂ ರಂಪಿಗೆ ಕರ್ರೆಂದಿತು. ಒಳಗೆ ನೂಲಿನ ಬದಲು ಸಣ್ಣ ಉಕ್ಕಿನ ತಂತಿ.

"ಬಿಟ್ಟಬಿಡ್ರಿ ಇದನ್ನ," ಎಂದಳು ಮಲ್ಲಕ್ಕ.

"ಹುಚ್ಚಿ, ಕಬ್ಬಿಣ ಕೂಡಿದ್ದು ಹತ್ತ ವರ್ಷ ಬಾಳಿಕಿ ಬರತೈತಿ. ನಿನ್ನ ತಮ್ಮನ ಮೊಮ್ಮಕ್ಕಳೂ ಮೆಟ್ಟತಾರ, ನೋಡು."

ತಂತಿಯ ತುದಿಗಳನ್ನು ಸುತ್ತಿಗೆಯಿಂದ ಬಡಿದು ಮಡಿಸಿ, ಮೇಲೆ ತೆಳು ರಬ್ಬರು ಅಂಟಿಸಿದ. ಕೆಂಪು ಟ್ಯೂಬಿನ ಪಟ್ಟಿ ಹಾಕಿದ. ಮೂರು ಜೊತೆಯಾದವು. ಹೊಸದಾಗಿ ತಂದ ಟಾಯರಿನ ಮೊದಲ ಜೊತೆಯನ್ನು ಮಾರಬಾರದು, ಊರಿನವರ ಕಾಲಿಗೇ ಕೊಡಬೇಕು ಎಂಬುದು ಅವರ ಪದ್ಧತಿ. ಅದು ಮಲ್ಲಕ್ಕನ ತಮ್ಮ ಈರಣ್ಣನಿಗೆ ಹೋಯಿತು. ಅವನು ವಿಕ್ರೋಳಿಯಲ್ಲಿ ಇಟ್ಟಿಗೆ ಹೊರುತ್ತಿದ್ದ. ಉಳಿದೆರಡು ಜೊತೆ ಅಂದೇ ಮಾರಾಟವಾದವು.

ಹನ್ನೆರಡನೆಯ ದಿನ ಈರಣ್ಣನ ಹಿಮ್ಮಡಿಗೆ ಏನೋ ಚುಚ್ಚಿತು. ಸುಣ್ಣ ಹಚ್ಚಿಕೊಂಡು ಕೆಲಸಕ್ಕೆ ಹೋದ. ವಾರದಲ್ಲಿ ದವಡೆ ಕಚ್ಚಿಕೊಂಡಿತು. ಆಸ್ಪತ್ರೆಯಲ್ಲಿ ಧನುರ್ವಾಯು ಎಂದರು. ಮೂರು ದಿನ ಬಿಲ್ಲಿನಂತೆ ಬಾಗಿ ಬಾಗಿ, ಹೋಗಿಬಿಟ್ಟ. ಅವನ ಬಟ್ಟೆಯ ಜೊತೆಗೆ ಚಪ್ಪಲಿಯನ್ನೂ ಕೊಟ್ಟರು. ಹಿಮ್ಮಡಿಯ ಜಾಗದಲ್ಲಿ ತಂತಿಯೊಂದು ಎದ್ದಿತ್ತು, ಮೀಸೆಯ ಕೂದಲಿನಷ್ಟು.

ಮಲ್ಲಕ್ಕ ಅಳಲಿಲ್ಲ. "ಆ ಎರಡು ಜೋಡು ಯಾರು ತಗೊಂಡ್ರು?" ಎಂದು ಗಂಡನನ್ನು ಕೇಳಿದಳು.

"ಯಾರಂತ ಹೇಳ್ಲಿ? ನಾ ಕಾಲು ನೋಡ್ತೀನಿ. ಅವರ ಮಾರಿ ನೋಡ್ತೀನೇನು?"

ಮರುದಿನದಿಂದ ಅವಳು ಪ್ಲಾಟ್‌ಫಾರ್ಮಿಗೆ ಇಳಿಯುವ ಮೆಟ್ಟಿಲ ಬಳಿ ನಿಂತು ಕಾಲುಗಳನ್ನು ನೋಡತೊಡಗಿದಳು. ಲೋಕಲ್ ರೈಲು ಬಂದಾಗಲೆಲ್ಲ ಸಾವಿರ ಕಾಲು. ಐದನೆಯ ಬೆಳಿಗ್ಗೆ ಕೆಂಪು ಪಟ್ಟಿ ಕಂಡಿತು. ಸಿಮೆಂಟು ಮೆತ್ತಿದ ಪ್ಯಾಂಟಿನ ಆಳು. ಮಲ್ಲಕ್ಕ ಬಗ್ಗಿ ಅವನ ಕಾಲನ್ನೇ ಹಿಡಿದಳು.

"ಭಾವೂ, ಚಪ್ಪಲ್ ನಿಕಾಲ್! ಅಂದರ್ ತಾರ್ ಹೈ! ಮೇರಾ ಭಾಯಿ ಮರ್ ಗಯಾ!" ಒಳಗೆ ತಂತಿಯಿದೆ, ತನ್ನ ತಮ್ಮ ಅದರಿಂದಲೇ ಸತ್ತ, ಕಳಚು ಎಂದು ಅಂಗಲಾಚಿದಳು.

"ಅರೇ ಛೋಡ್, ಬಾಯಿ! ಪೈಸಾ ದೇಕೇ ಲಿಯಾ ಹೈ." ದುಡ್ಡು ಕೊಟ್ಟು ಕೊಂಡದ್ದನ್ನು ಅವನೇಕೆ ಬಿಟ್ಟಾನು?

"ದೂಸ್ರಾ ದೇತಿ ಹೂಂ, ಫುಕಟ್ ಮೇ!" ಬೇರೆ ಜೊತೆಯನ್ನು ಪುಕ್ಕಟೆ ಕೊಡುತ್ತೇನೆಂದಳು.

"ದೇಖೋ, ಮಾಲ್ ಇತ್ನಾ ಮಜಬೂತ್ ಹೈ, ವಾಪಸ್ ಮಾಂಗ್ತಿ ಹೈ!" ಎಂದು ಅವನು ಸುತ್ತಲಿನವರಿಗೆ ಹೇಳಿದ. ಮಾಲು ಅಷ್ಟು ಗಟ್ಟಿಯಂತೆ, ಮಾರಿದವಳೇ ವಾಪಸು ಕೇಳುತ್ತಾಳಂತೆ ಎಂದು ಜನ ನಕ್ಕರು.

ಅಷ್ಟರಲ್ಲಿ ಲೋಕಲ್ ಬಂದು ನಿಂತು, ಹೊರಟೂಬಿಟ್ಟಿತು. ಅವನು ಕಾಲು ಕೊಡವಿ ಓಡಿದ. ಒಂದು ಚಪ್ಪಲಿ ಅವಳ ಕೈಯಲ್ಲೇ ಉಳಿಯಿತು. ಚಲಿಸುವ ಡಬ್ಬಿಯ ಬಾಗಿಲಿಗೆ ಜೋತುಬಿದ್ದು, ದೂರವಾಗುವವರೆಗೂ ಬೈಯುತ್ತಲೇ ಇದ್ದ.

ಮಲ್ಲಕ್ಕ ಚಪ್ಪಲಿಯ ಹಿಮ್ಮಡಿಯ ಮೇಲೆ ಹೆಬ್ಬೆರಳು ಒತ್ತಿ ನೋಡಿದಳು. ಮತ್ತೆ ಒತ್ತಿದಳು. ನುಣ್ಣಗಿತ್ತು. ಅದು ಎಡಗಾಲಿನದು. ಬಲಗಾಲಿನದು ಅವನ ಕಾಲಲ್ಲೇ ಕುರ್ಲಾ ಕಡೆ ಹೋಗಿತ್ತು.